ಸೊಂಟಕ್ಕೆ ಬಂದ ಕೈ

ಕರಾಟೆ ಕಲಿಯುವ ಮಗುವಿನ ಫೋಟೊ ಯಾವುದಾದರೂ ನೋಡಿ. ಒಂದು ಕೈ ಮುಂದೆ ಚಾಚಿರುತ್ತದೆ, ಇಲ್ಲವೇ ಹಣೆಗೆ ಅಡ್ಡವಾಗಿ ಎತ್ತಿರುತ್ತದೆ. ಇನ್ನೊಂದು ಕೈ ಮುಷ್ಟಿ ಕಟ್ಟಿಕೊಂಡು ಸೊಂಟದ ಪಕ್ಕ ಕೂತಿರುತ್ತದೆ. ನೋಡುವವರ ಕಣ್ಣೆಲ್ಲ ಮುಂದಿನ ಕೈ ಮೇಲೆ. ಹೊಡೆಯುವುದು ಅದು, ತಡೆಯುವುದು ಅದು, ಮೆಡಲ್ ತರುವುದೂ ಅದೇ. ಸೊಂಟದ ಪಕ್ಕದ ಕೈಗೆ ಅಲ್ಲೇನು ಕೆಲಸ ಅಂತ ಕೇಳಿದರೆ ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಹೊಸೂರಿನ ಹೆಚ್ಚಿನ ಕ್ಲಾಸುಗಳಲ್ಲಿ ಸಿಗುವ ಉತ್ತರ ಒಂದೇ: "ಪವರ್ ಬರುತ್ತೆ."

ನನಗೂ ಹಾಗೇ ಹೇಳಿಕೊಟ್ಟಿದ್ದರು. ತೊಂಬತ್ತರ ದಶಕದಲ್ಲಿ ಇಲ್ಲಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಮೊದಲನೇ ಶಿಫ್ಟ್ ಮುಗಿದ ಮೇಲೆ ಕ್ವಾರ್ಟರ್ಸಿನ ಹಾಲ್‌ನಲ್ಲಿ ಕರಾಟೆ ಕಲಿತೆ. ಈಗ ಸಂಜೆ ಹೊತ್ತು ಸರ್ಕಾರಿ ಶಾಲೆಯ ಹುಡುಗಿಯರಿಗೆ ಕಲಿಸುತ್ತೇನೆ. ಅವರಲ್ಲಿ ಕನ್ನಡದವರು, ತೆಲುಗಿನವರು, ತಮಿಳಿನವರು, ಉರ್ದುವಿನವರು ಎಲ್ಲ ಇದ್ದಾರೆ. ಎಣಿಸುವುದು ಜಪಾನಿ ಭಾಷೆಯಲ್ಲಿ, ಬೈಯುವುದು ಮಾತ್ರ ಅವರವರ ಮನೆಮಾತಿನಲ್ಲಿ.

ಆ ಹುಡುಗಿಯರ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಬಸ್ಸಿನಲ್ಲಿ, ಗಲ್ಲಿಯಲ್ಲಿ, ಮನೆಯೊಳಗೆ ಹೆಣ್ಣುಮಕ್ಕಳ ಮೇಲೆ ಕೈ ಮಾಡುವವನು ಆರಡಿ ದೂರ ನಿಂತು, ತಲೆಬಾಗಿ ವಂದಿಸಿ, ಒಂದು ಹೆಜ್ಜೆ ಮುಂದಿಟ್ಟು ಪಂಚ್ ಹೊಡೆಯುವುದಿಲ್ಲ. ಮೊದಲು ಹಿಡಿಯುತ್ತಾನೆ. ಮಣಿಕಟ್ಟು, ಜಡೆ, ದುಪಟ್ಟಾ, ತೋಳು, ಕೊನೆಗೆ ಕುತ್ತಿಗೆ. ದೂರದಿಂದ ಬರುವ ಪಂಚ್‌ಗೆ ಬ್ಲಾಕ್ ಮಾಡುವುದನ್ನು ವರ್ಷಗಟ್ಟಲೆ ಕಲಿತ ಹುಡುಗಿಗೆ ಹಿಡಿದ ಕೈಯನ್ನು ಏನು ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ಆ ಬೆಲ್ಟಿನಿಂದ ಏನು ಪ್ರಯೋಜನ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದಷ್ಟೂ ನನಗೆ ಒಂದು ವಿಷಯ ಸ್ಪಷ್ಟವಾಗುತ್ತಾ ಬಂತು. ಕಾಳಗದ ವಿದ್ಯೆಯೊಂದು ಕವಾಯತಿನ ಮೈದಾನಕ್ಕೆ ಬಂದ ಕೂಡಲೇ ಮೊದಲು ಕೆಲಸ ಕಳೆದುಕೊಳ್ಳುವುದು ಎರಡನೇ ಕೈ. ಜಪಾನಿನ ತೆಂಕಣ ದ್ವೀಪದಲ್ಲೂ ಹಾಗೇ ಆಯಿತು, ಕೃಷ್ಣಗಿರಿ, ಧರ್ಮಪುರಿ ಸುತ್ತಿನ ನಮ್ಮ ಬಾರಾಮಹಲಿನಲ್ಲೂ ಹಾಗೇ ಆಯಿತು.

*

ಕರಾಟೆ ಹುಟ್ಟಿದ ಒಕಿನಾವಾ ಮೊದಲು ರ್ಯುಕ್ಯು ಎಂಬ ಪುಟ್ಟ ರಾಜ್ಯವಾಗಿತ್ತು. ಚೀನಾದ ಜೊತೆ ವ್ಯಾಪಾರ, 1609ರಿಂದ ಜಪಾನಿನ ಸತ್ಸುಮಾ ಪಾಳೆಯದ ಹಿಡಿತ. ಎರಡರ ನಡುವೆ ಅದರ ಬದುಕು. ಆಯುಧ ಕಿತ್ತುಕೊಂಡಿದ್ದರಿಂದ ರೈತರು ರಾತ್ರಿ ಕದ್ದುಮುಚ್ಚಿ ಕಟ್ಟಿದ ಕಲೆ ಕರಾಟೆ ಎಂಬ ಕಥೆಯನ್ನು ಎಲ್ಲ ಕ್ಲಾಸುಗಳಲ್ಲೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹೆಸರು ಉಳಿದಿರುವ ಹಳೆಯ ಗುರುಗಳನ್ನು ನೋಡಿದರೆ ಹೆಚ್ಚಿನವರು ಅರಮನೆಯ ನೌಕರರು, ಅಧಿಕಾರಿ ಮನೆತನದವರು. ಮತ್ಸುಮುರ ಸೋಕೊನ್ ರಾಜಧಾನಿ ಶುರಿಯಲ್ಲಿ ಅರಸರ ಅಂಗರಕ್ಷಕ. ಅವನ ಶಿಷ್ಯ ಇತೊಸು ಅಂಕೊ (1831–1915) ಅರಸರ ಬಳಿ ಬರವಣಿಗೆಯ ಕೆಲಸದಲ್ಲಿದ್ದವನು. ಕುಡಿದು ಮೇಲೆ ಬಿದ್ದವನನ್ನು ಬಿಡಿಸುವುದು, ಕತ್ತಿಗೆ ಕೈ ಹಾಕುವ ಮೊದಲೇ ಆ ಕೈಯನ್ನು ಹಿಡಿಯುವುದು, ಕೊರಳಪಟ್ಟಿ ಹಿಡಿದವನನ್ನು ನೆಲಕ್ಕೆ ಕೆಡವುವುದು ಅಂಗರಕ್ಷಕರಿಗೆ ಬೇಕಾದ ವಿದ್ಯೆ. ಅದೆಲ್ಲ ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ನಡೆಯುವ ಕೆಲಸ. ಗುರು ಒಬ್ಬ, ಶಿಷ್ಯ ಒಬ್ಬ ಅಥವಾ ಇಬ್ಬರು. ಒಂದೊಂದು ಕಟಾಕ್ಕೆ ವರ್ಷಗಳು. ಕಟಾ ಅಂದರೆ ಎದುರಾಳಿಯಿಲ್ಲದೆ ಒಬ್ಬರೇ ಮಾಡುವ, ಕ್ರಮ ತಪ್ಪದ ವರಸೆ. ಬರೆದಿಡದ ವಿದ್ಯೆಯನ್ನು ಮೈಯಲ್ಲೇ ಇಟ್ಟುಕೊಳ್ಳುವ ಉಪಾಯ ಅದು. ಪ್ರತಿ ಚಲನೆಯ ಬಳಕೆಯನ್ನು ಗುರು ಶಿಷ್ಯನ ಕೈ ಹಿಡಿದೇ ತೋರಿಸುತ್ತಿದ್ದ.

1879ರಲ್ಲಿ ಜಪಾನ್ ಆ ರಾಜ್ಯವನ್ನು ನುಂಗಿತು. ಅರಸನೂ ಹೋದ, ಅಂಗರಕ್ಷಕನ ಕೆಲಸವೂ ಹೋಯಿತು. 1898ರಲ್ಲಿ ಒಕಿನಾವಾದ ಯುವಕರಿಗೂ ಕಡ್ಡಾಯ ಸೈನ್ಯಸೇವೆ ಬಂತು. ಶಾಲೆಗಳಿಗೆ ಗಟ್ಟಿಮುಟ್ಟಾದ ಹುಡುಗರು ಬೇಕಾದರು. ಇತೊಸು 1901ರಲ್ಲಿ ಶುರಿಯ ಪ್ರಾಥಮಿಕ ಶಾಲೆಯೊಂದಕ್ಕೆ, 1905ರ ಹೊತ್ತಿಗೆ ಮಾಧ್ಯಮಿಕ ಶಾಲೆ ಮತ್ತು ಶಿಕ್ಷಕರ ತರಬೇತಿ ಶಾಲೆಗೆ ಕರಾಟೆಯನ್ನು ಒಯ್ದ. ಹಳೆಯ ಉದ್ದನೆಯ ಕಟಾಗಳಿಂದ ಹೆಕ್ಕಿ ಐದು ಚಿಕ್ಕ ಕಟಾಗಳನ್ನು ಕಟ್ಟಿದ. ಅವೇ ಪಿನಾನ್, ಈಗ ಬಹಳ ಕಡೆ ಹೆಯಾನ್ ಎನ್ನುವವು. ಗುರುವಿನ ಎದುರು ಒಬ್ಬ ಶಿಷ್ಯ ನಿಲ್ಲುತ್ತಿದ್ದ ಜಾಗದಲ್ಲಿ ಸಾಲುಸಾಲಾಗಿ ಮಕ್ಕಳು ನಿಂತರು. ಮಕ್ಕಳಿಗೆ ಕುತ್ತಿಗೆ ತಿರುಚುವುದು, ಮೊಣಕೈ ಮುರಿಯುವುದು ಹೇಳಿಕೊಡಲಾದೀತೇ? ಒಂದು ಎಂದರೆ ತಡೆ, ಎರಡು ಎಂದರೆ ಹೊಡೆ. ಸಾಲಿನಲ್ಲಿ ನಿಂತ ಮಗುವಿನ ಮುಂದೆ ಯಾರೂ ಇಲ್ಲ, ಹಿಡಿಯಲು ಕೈಯಿಲ್ಲ. ಎಳೆದು ತರಲು ಏನೂ ಇಲ್ಲದ ಎರಡನೇ ಕೈ ಬರಿದೇ ಸೊಂಟಕ್ಕೆ ಬಂದು ಕೂತಿತು.

ಇತೊಸುಗೆ ಇದು ಗೊತ್ತಿರಲಿಲ್ಲವೆಂದಲ್ಲ. 1908ರಲ್ಲಿ ಅವನು ಶಿಕ್ಷಣ ಇಲಾಖೆಗೆ ಹತ್ತು ಅಂಶಗಳ ಪತ್ರ ಬರೆದ. ಈ ವಿದ್ಯೆ ಒಬ್ಬನೊಡನೆ ಪಂದ್ಯ ಆಡುವುದಕ್ಕಲ್ಲ, ದುಷ್ಟರು ಎದುರಾದಾಗ ಕೈಕಾಲು ಬಳಸಿ ಅಪಾಯದಿಂದ ಪಾರಾಗುವುದಕ್ಕೆ ಎಂಬುದು ಅದರ ಮೊದಲ ಅಂಶದ ಸಾರ. ಕಟಾದ ಯಾವ ಭಾಗ ಮೈ ಬೆಳೆಸುವುದಕ್ಕೆ, ಯಾವುದು ಬಳಕೆಗೆ ಎಂದು ತಿಳಿದು ಅಭ್ಯಾಸ ಮಾಡಬೇಕು ಅಂತಲೂ ಬರೆದಿದ್ದಾನೆ. ಅದೇ ಪತ್ರದಲ್ಲಿ ನಮ್ಮ ಕಡೆಯವರು ಓದಿ ನಗಬೇಕಾದ ಮಾತೊಂದಿದೆ. ನೆಪೋಲಿಯನ್ನನ್ನು ಸೋಲಿಸಿದ ವೆಲ್ಲಿಂಗ್ಟನ್ ದೊರೆ, ಈ ಗೆಲುವು ನಮ್ಮ ಶಾಲೆಗಳ ಆಟದ ಮೈದಾನದಲ್ಲೇ ದೊರೆತದ್ದು ಎಂದನಂತೆ. ಆದ್ದರಿಂದ ಕರಾಟೆಯೂ ಶಾಲೆಗೆ ಬರಲಿ ಎಂಬ ವಾದ. ಆ ವೆಲ್ಲಿಂಗ್ಟನ್ ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, 1799ರ ಮಾರ್ಚ್‌ನಲ್ಲಿ, ಜನರಲ್ ಹ್ಯಾರಿಸ್‌ನ ಸೇನೆಯ ಜೊತೆ ನಿಜಾಮನ ಪಡೆಯನ್ನು ನಡೆಸಿಕೊಂಡು ರಾಯಕೋಟೆ, ಕೆಲಮಂಗಲದ ದಾರಿಯಲ್ಲೇ ಶ್ರೀರಂಗಪಟ್ಟಣಕ್ಕೆ ಹೋಗಿದ್ದು. ಟಿಪ್ಪುವನ್ನು ಮುಗಿಸಲು ನಮ್ಮ ಹೊಲಗಳ ಮೇಲೆ ನಡೆದುಹೋದವನ ಹೆಸರು ನೂರು ವರ್ಷದ ಮೇಲೆ ಒಕಿನಾವಾದ ಮಕ್ಕಳಿಗೆ ಕರಾಟೆ ಕಲಿಸಲು ಶಿಫಾರಸಾಯಿತು.

*

ಹಾಗಾದರೆ ಆ ಕೈ ಮೊದಲು ಮಾಡುತ್ತಿದ್ದ ಕೆಲಸ ಯಾವುದು? ಹೊಸಬರಿಗೆ ಎಲ್ಲಕ್ಕಿಂತ ಮೊದಲು ಹೇಳಿಕೊಡುವ ಹೆಯಾನ್ ಶೋದಾನ್ ಒಂದನ್ನೇ ತೆಗೆದುಕೊಳ್ಳೋಣ.

ಅದರಲ್ಲಿ ಮುಂದಕ್ಕೆ ಮೂರು ಹೆಜ್ಜೆ ಹಾಕುತ್ತಾ ಮೂರು ಸಲ ಹಣೆಯ ಮೇಲಕ್ಕೆ ಕೈ ಎತ್ತಿ ತಡೆಯುವ ಜಾಗ ಬರುತ್ತದೆ. ಮೂರನೆಯದಕ್ಕೆ ಜೋರಾಗಿ ಕೂಗಬೇಕು. ಏಟು ತಪ್ಪಿಸಿಕೊಳ್ಳುವವರು ಹಿಂದೆ ಸರಿಯುತ್ತಾರೆ, ಪಕ್ಕಕ್ಕೆ ಸರಿಯುತ್ತಾರೆ. ತಡೆಯುತ್ತಾ ತಡೆಯುತ್ತಾ ಎದುರಾಳಿಯ ಮೈಮೇಲೇ ನಡೆದುಹೋಗುವವರು ಯಾರು? ಅದೂ, ತಡೆದ ಸಂತೋಷಕ್ಕೆ ಕೂಗುವವರು? ಕೈಗಳನ್ನು ನಿಧಾನವಾಗಿ ಆಡಿಸಿದರೆ ಗೊತ್ತಾಗುತ್ತದೆ. ಮೊದಲು ಮೇಲೇರುವುದು ಇನ್ನೊಂದು ಕೈ. ಬಂದ ಏಟನ್ನು ಸರಿಸುವುದು, ಆ ತೋಳನ್ನು ಹಿಡಿದುಕೊಳ್ಳುವುದು, ತನ್ನ ಸೊಂಟದ ಕಡೆಗೆ ಎಳೆಯುವುದು ಅದರ ಕೆಲಸ. ಎಳೆತಕ್ಕೆ ಅವನ ತಲೆ ಮುಂದೆ ಬಾಗುತ್ತದೆ. ಈಗ ಮೇಲೇಳುವ ಮುಂಗೈ ಬರೀ ಗಾಳಿಗೆ ಹೋಗುವುದಿಲ್ಲ; ಅವನ ಗದ್ದದಡಿಗೆ, ಗಂಟಲಿಗೆ ಹೋಗುತ್ತದೆ. ಒಂದು ಹೆಜ್ಜೆಗೆ ಆಗದಿದ್ದರೆ ಎರಡು, ಮೂರು. ಆಗ ಮುಂದೆ ನಡೆಯುವುದಕ್ಕೂ ಅರ್ಥ ಬರುತ್ತದೆ, ಕೂಗಿಗೂ ಅರ್ಥ ಬರುತ್ತದೆ.

ಕೆಳಗಿನ ಬ್ಲಾಕ್ ಕೂಡ ಹಾಗೆಯೇ. ಒದೆಯನ್ನು ತಡೆಯಲು ಎಂದು ಕಲಿಸುತ್ತಾರೆ. ಬಲವಾಗಿ ಬರುವ ಕಾಲಿಗೆ ಮುಂಗೈ ಅಡ್ಡ ಹಿಡಿದರೆ ಮುರಿಯುವುದು ಯಾರ ಮೂಳೆ? ಮೊದಲು ಒಂದು ಮುಷ್ಟಿ ಕಿವಿಯ ಹತ್ತಿರ ಹೋಗಿ, ಇನ್ನೊಂದು ಕೈ ಕೆಳಗೆ ಮುಂದೆ ಚಾಚಿ, ಆಮೇಲೆ ಎರಡೂ ಒಂದನ್ನೊಂದು ದಾಟಬೇಕು. ಚಾಚಿದ ಕೈಯಲ್ಲಿ ಎದುರಾಳಿಯ ಮಣಿಕಟ್ಟು ಇದೆ ಅಂದುಕೊಳ್ಳಿ. ಅದನ್ನು ತಿರುಚಿ ಸೊಂಟಕ್ಕೆ ಎಳೆದರೆ ಅವನ ತೋಳು ನೀಳವಾಗುತ್ತದೆ. ಕಿವಿಯ ಹತ್ತಿರದಿಂದ ಇಳಿಯುವ ಮುಂಗೈ ಅವನ ಮೊಣಕೈಯ ಮೇಲ್ಭಾಗಕ್ಕೆ ಬೀಳುತ್ತದೆ. ಅವನು ಬಾಗಲೇಬೇಕು. ಇನ್ನು ಆ ಕಟಾದ ನಾಲ್ಕನೆಯ ಚಲನೆ: ಮುಂದಿನ ಕಾಲನ್ನೂ ಕೈಯನ್ನೂ ಸರಕ್ಕನೆ ಹಿಂದಕ್ಕೆ ಎಳೆದುಕೊಂಡು ಮುಷ್ಟಿಯ ಅಂಚಿನಿಂದ ಮೇಲಿನಿಂದ ಕುಟ್ಟುವುದು. ಹಿಡಿದ ಮಣಿಕಟ್ಟನ್ನು ಬಿಡಿಸಿಕೊಳ್ಳುವುದು ಇದು ಎಂದು ಸಾಮಾನ್ಯ ಕ್ಲಾಸುಗಳಲ್ಲೂ ಹೇಳುತ್ತಾರೆ. ಒಂದು ಕಟಾದಲ್ಲಿ ಒಂದೇ ಒಂದು ಚಲನೆ ಹಿಡಿತಕ್ಕೆ, ಮಿಕ್ಕಿದ್ದೆಲ್ಲ ದೂರದ ಪಂಚಿಗೆ ಎಂದರೆ ನಂಬುವುದು ಹೇಗೆ?

ಹಳೆಯ ಕಟಾಗಳಿಗೆ ಹೋದರೆ ಇನ್ನೂ ಬಿಚ್ಚಿಕೊಳ್ಳುತ್ತದೆ. ನೈಹಾಂಚಿಯಲ್ಲಿ ಹಿಂದೆ ಮುಂದೆ ಹೋಗುವುದೇ ಇಲ್ಲ. ಏಡಿಯಂತೆ ಅಡ್ಡಡ್ಡ ನಡೆ. ಒಂದು ಅಂಗೈ ಚಾಚಿ, ಇನ್ನೊಂದು ಮೊಣಕೈಯಿಂದ ತನ್ನ ಆ ಅಂಗೈಗೇ ಗುದ್ದಬೇಕು. ತನ್ನ ಅಂಗೈಗೆ ತಾನೇ ಯಾಕೆ ಗುದ್ದಿಕೊಳ್ಳುವುದು? ಆ ಅಂಗೈಯಲ್ಲಿ ಇರಬೇಕಾದದ್ದು ಎದುರಾಳಿಯ ತಲೆ. ಬೀದಿ ಜಗಳಗಳಿಗೆ ಹೆಸರಾಗಿದ್ದ ಮೋಟೊಬು ಚೋಕಿ (1870–1944) ಜೀವಮಾನವೆಲ್ಲ ನೆಚ್ಚಿದ್ದು ಈ ಕಟಾವನ್ನೇ. ಅವನು 1926ರಲ್ಲಿ ತಂದ ಪುಸ್ತಕದ ಫೋಟೊಗಳಲ್ಲಿ ಇಬ್ಬರ ನಡುವೆ ಅಂತರವೇ ಇಲ್ಲ. ಒಂದು ಕೈ ಸದಾ ಎದುರಾಳಿಯ ಮೇಲಿರುತ್ತದೆ. 1922ರಲ್ಲಿ ಟೋಕಿಯೊಗೆ ಕರಾಟೆ ಒಯ್ದು ಹೆಸರು ಮಾಡಿದ ಫುನಾಕೋಶಿ ಗಿಚಿನ್ ಕೂಡ 1935ರ ತನ್ನ ದೊಡ್ಡ ಪುಸ್ತಕದಲ್ಲಿ ಎತ್ತಿ ಒಗೆಯುವ ಪಟ್ಟುಗಳಿಗೆ ಜಾಗ ಕೊಟ್ಟಿದ್ದಾನೆ. ಬರಹದಲ್ಲಿ ಇದ್ದದ್ದು ಬೋಧನೆಯಲ್ಲಿ ಉಳಿಯಲಿಲ್ಲ. ವಿಶ್ವವಿದ್ಯಾಲಯಗಳ ಹುಡುಗರಿಗೆ ಪಂದ್ಯ ಬೇಕಾಗಿತ್ತು. 1957ರಲ್ಲಿ ಜಪಾನ್ ಕರಾಟೆ ಅಸೋಸಿಯೇಷನ್‌ನ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಪಂದ್ಯದಲ್ಲಿ ಹಿಡಿಯುವಂತಿಲ್ಲ, ದೂರದಿಂದ ನುಗ್ಗಿ ಮುಟ್ಟಿ ಅಂಕ ಗಳಿಸಬೇಕು. ಶಾಲೆ ಅರ್ಧ ಮರೆಸಿದ್ದನ್ನು ಪಂದ್ಯ ಪೂರ್ತಿ ಮರೆಸಿತು.

*

ಇಷ್ಟು ಹೊತ್ತಿಗೆ ಯಾರಾದರೊಬ್ಬರು ಬೋಧಿಧರ್ಮನ ಮಾತೆತ್ತುತ್ತಾರೆ. ಕಾಂಚಿಯ ರಾಜಕುಮಾರ ಚೀನಾಕ್ಕೆ ಹೋಗಿ ಶಾವೊಲಿನ್ ಸನ್ಯಾಸಿಗಳಿಗೆ ಯುದ್ಧವಿದ್ಯೆ ಕಲಿಸಿದ, ಅದೇ ಕರಾಟೆಯಾಯಿತು, ಆದ್ದರಿಂದ ಎಲ್ಲ ನಮ್ಮದೇ. 2011ರಲ್ಲಿ ಸೂರ್ಯ ನಟಿಸಿದ 'ಏಳಾಂ ಅರಿವು' ಬಂದ ಮೇಲಂತೂ ನನ್ನ ಕ್ಲಾಸಿನಲ್ಲಿ ಇದಕ್ಕೆ ಎದುರು ಮಾತೇ ಇರಲಿಲ್ಲ. ಆ ಕಥೆಗೆ ಆಧಾರವಾದ ಚೀನೀ ವ್ಯಾಯಾಮ ಗ್ರಂಥ ಬೋಧಿಧರ್ಮನ ಕಾಲಕ್ಕಿಂತ ಸಾವಿರ ವರ್ಷ ಈಚಿನದು, ಹದಿನೇಳನೇ ಶತಮಾನದ್ದು. ಅದರ ಮುನ್ನುಡಿಯೇ ಕಟ್ಟುಕಥೆ ಎಂದು ಚೀನಾದ ವಿದ್ವಾಂಸರೇ ತೋರಿಸಿದ್ದಾರೆ. ಕರಾಟೆಯ ತಾಯಿಬೇರನ್ನು ಕಾಂಚಿಯಲ್ಲಿ ಹುಡುಕುವುದು ಬೇಡ. ಅದರ ಅಣ್ಣತಮ್ಮಂದಿರು ನಮ್ಮ ಕಣ್ಣೆದುರೇ ಇದ್ದಾರೆ.

ಕೃಷ್ಣಗಿರಿ, ಧರ್ಮಪುರಿ ಸೀಮೆ ವೀರಗಲ್ಲುಗಳ ಸೀಮೆ. ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು. ಕೆಲವಕ್ಕೆ ತಮಿಳಿನ ವಟ್ಟೆಳುತ್ತು, ಕೆಲವಕ್ಕೆ ಕನ್ನಡ. ಗಂಗರೂ ನೊಳಂಬರೂ ಈ ನೆಲಕ್ಕೆ ಗುದ್ದಾಡಿದವರು. ಆ ಕಲ್ಲುಗಳ ಮುಂದೆ ನಿಂತಾಗ ನಾನು ನೋಡುವುದು ವೀರನ ಎಡಗೈಯನ್ನು. ಅದು ಬರಿದಾಗಿರುವುದು ಅಪರೂಪ. ಬಲಗೈಯಲ್ಲಿ ಕತ್ತಿಯಿದ್ದರೆ ಎಡಗೈಯಲ್ಲಿ ಬಿಲ್ಲು, ಇಲ್ಲವೇ ಗುರಾಣಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ದೊಡ್ಡ ವೀರಗಲ್ಲಿನಲ್ಲಿ, ನಾಗತ್ತರ ಮಡಿದ ಕಾಳಗದ ಆ ಗಿಜಿಗಿಜಿಯಲ್ಲಿ, ಕೈ ಸುಮ್ಮನಿಟ್ಟುಕೊಂಡವನನ್ನು ಹುಡುಕಿ ನೋಡಿ.

ಮೈಸೂರಿನ ಜಟ್ಟಿಗಳದ್ದು ಇನ್ನೂ ಸ್ಪಷ್ಟ. ವಿಜಯದಶಮಿಯ ದಿನ ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿಕೊಂಡು ಇಳಿಯುತ್ತಾರೆ. ಬಲಗೈಗೆ ಮೊನಚಾದ ನಖಾಯುಧ, ಎಡಗೈ ಬರಿಗೈ. ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ನೋಡುವವರ ಕಣ್ಣು ಆಯುಧದ ಮೇಲೆ. ಆದರೆ ಕ್ಷಣಾರ್ಧದ ಆ ಜಟಾಪಟಿಯಲ್ಲಿ ಎದುರಾಳಿಯ ಆಯುಧದ ಕೈಯನ್ನು ತಡವಿ, ಹಿಡಿದು, ದಾರಿ ಬಿಡಿಸುವುದು ಬರಿಗೈ. ಒಕಿನಾವಾದವರಿಗೆ ಇದನ್ನು ತೋರಿಸಿದ್ದರೆ ತಮ್ಮ ಕಟಾದ ಅರ್ಥ ತಟ್ಟನೆ ಹೊಳೆಯುತ್ತಿತ್ತು.

ನಮ್ಮ ಮನೆಯಲ್ಲಿ ಕೋಲಿನ ವಿದ್ಯೆ ತಾತನದು. ಡೆಂಕಣಿಕೋಟೆ ಕಡೆಯ ಹಳ್ಳಿ ನಮ್ಮದು. ಅಲ್ಲಿ ಕನ್ನಡದವರು ದೊಣ್ಣೆ ವರಸೆ ಎಂದರೆ ತೆಲುಗಿನವರು ಕರ್ರ ಸಾಮು, ತಮಿಳಿನವರು ಸಿಲಂಬಂ ಅನ್ನುತ್ತಿದ್ದರು. ಹಬ್ಬಕ್ಕೆ ಎಲ್ಲರೂ ಒಂದೇ ಬಯಲಿಗೆ ಇಳಿಯುತ್ತಿದ್ದರು. ಬಾಗಲೂರು, ಬೇರಿಕೆ, ಶೂಳಗಿರಿಯ ಪಾಳೆಯಗಾರರ ಕಾಲದಲ್ಲಿ ಇದು ಹೊಟ್ಟೆಪಾಡಿನ ವಿದ್ಯೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಹೊಸೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋದವು. ಕ್ಯಾಪ್ಟನ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೊ ಹೊಲ ಅಳೆದು ರೈತರಿಂದ ನೇರವಾಗಿ ಕಂದಾಯ ಎತ್ತುವ ಪದ್ಧತಿ ತಂದರು. ಆಳುಗಳನ್ನು ಸಾಕುವ ಪಾಳೆಯಗಾರರಿಗೆ ಬೆಲೆ ಉಳಿಯಲಿಲ್ಲ. 1878ರ ಆಯುಧ ಕಾಯ್ದೆ ಬಂದ ಮೇಲೆ ಕತ್ತಿ, ಭರ್ಜಿಗೂ ಲೈಸೆನ್ಸ್ ಬೇಕಾಯಿತು. ದನ ಕಾಯುವ ಕೋಲಿಗೆ ಯಾರು ಲೈಸೆನ್ಸ್ ಕೇಳಬೇಕು? ಕೋಲು ಉಳಿಯಿತು.

ತಾತ ಕೋಲು ಹಿಡಿದರೆ ತಲೆಯ ಮೇಲೆ ಗಿರಗಿರ ತಿರುಗಿಸುವುದಕ್ಕೆ ಒಪ್ಪುತ್ತಿರಲಿಲ್ಲ. "ಅದು ಜನ ನೋಡೋಕೆ ಕಣಮ್ಮ. ಹೊಡೆಯೋ ತುದೀನ ಎಲ್ರೂ ನೋಡ್ತಾರೆ. ನೀನು ಹಿಂದಿನ ಕೈ ನೋಡು." ಕೋಲಿಗೆ ಕೋಲು ತಾಗಿದ ಮರುಕ್ಷಣ ಅವರ ಒಂದು ಕೈ ತನ್ನ ಕೋಲು ಬಿಟ್ಟು ಎದುರಿನವನ ಕೋಲನ್ನೋ ಮಣಿಕಟ್ಟನ್ನೋ ಹಿಡಿದುಬಿಟ್ಟಿರುತ್ತಿತ್ತು. ಕೋಲಿಲ್ಲದ ಬರಿಗೈ ವರಸೆಗೆ ತಮಿಳಿನಲ್ಲಿ ಕುತ್ತು ವರಿಸೈ ಎನ್ನುತ್ತಾರೆ. ತಾತನ ಪ್ರಕಾರ ಅದು ಬೇರೆ ಪಾಠವೇ ಅಲ್ಲ, ಕೋಲು ಕೈಜಾರಿದಾಗ ಅದೇ ಪಾಠ ಮುಂದುವರಿಯುವುದು.

ಈಗ ಸಿಲಂಬಕ್ಕೂ ಒಳ್ಳೆಯ ಕಾಲ ಬಂದಿದೆ. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಪ್ರದರ್ಶನ ಕ್ರೀಡೆಯಾಗಿ ಅದಕ್ಕೆ ಜಾಗ ಸಿಕ್ಕಿತು. ನನಗೆ ಸಂತೋಷವೇ. ಆದರೆ ಪ್ರದರ್ಶನದಲ್ಲಿ ಚಪ್ಪಾಳೆ ಬೀಳುವುದು ತಿರುಗುವ ಕೋಲಿಗೆ. ಕೋಲು ಬಿಟ್ಟು ಹಿಡಿಯುವ ಕೈ ಅಲ್ಲಿ ತಪ್ಪಾಟದಂತೆ ಕಾಣುತ್ತದೆ. 1901ರಲ್ಲಿ ಶುರಿಯ ಶಾಲೆಯಲ್ಲಿ ನಡೆದದ್ದು ನಮ್ಮ ಕಣ್ಣೆದುರು ಮತ್ತೊಮ್ಮೆ ನಡೆಯುತ್ತಿದೆ.

*

ಹೊಸೂರಿಗೆ ಕರಾಟೆ ಬಂದದ್ದು ಫ್ಯಾಕ್ಟರಿಗಳ ಹಿಂದೆ. ಎಪ್ಪತ್ತರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. ಎಂಬತ್ತರ ದಶಕದಲ್ಲಿ ಲಾರಿ, ಮೊಪೆಡ್, ಕೈಗಡಿಯಾರದ ಕಾರ್ಖಾನೆಗಳು ತಲೆಯೆತ್ತಿದವು. ಊರೂರಿಂದ ಬಂದ ಹುಡುಗರಲ್ಲಿ ಬ್ರೂಸ್ ಲೀ ಹುಚ್ಚು ಇಳಿದಿರಲಿಲ್ಲ. ಬ್ರೂಸ್ ಲೀ ಮಾಡುತ್ತಿದ್ದುದು ಕರಾಟೆಯಲ್ಲ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಅಷ್ಟು ಹೊತ್ತಿಗೆ ಜಗತ್ತೆಲ್ಲ ಕಲಿಯುತ್ತಿದ್ದುದು ಮೈದಾನದ ಕರಾಟೆ, ನಮಗೆ ಸಿಕ್ಕಿದ್ದೂ ಅದೇ. ಆಮೇಲೆ ಇಂಗ್ಲಿಷ್ ಮೀಡಿಯಂ ಶಾಲೆಗಳು ಬಂದವು, ಬೇಸಿಗೆ ಶಿಬಿರ ಬಂದವು, ಮೂರು ತಿಂಗಳಿಗೊಂದು ಬಣ್ಣದ ಬೆಲ್ಟ್ ಬಂತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಪುರುಷರ ಕಟಾ ಚಿನ್ನ ಗೆದ್ದದ್ದು ಒಕಿನಾವಾದವನೇ ಆದ ಕಿಯುನಾ ರ್ಯೋ. ಅವನ ಕೈ ಸೊಂಟಕ್ಕೆ ಬರುವ ವೇಗ ನೋಡಿ ನನ್ನ ಹುಡುಗಿಯರು ಬಾಯಿ ಬಿಟ್ಟುಕೊಂಡು ಕೂತಿದ್ದರು. ಅಂಥ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಚೆಲುವಿನ ಕೆಲಸವೇ ಬೇರೆ ಎನ್ನುತ್ತೇನೆ.

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಉಂಟು. ಗಡಿಯಾಚೆ ಕರ್ನಾಟಕದಲ್ಲಿ ಅಂಥದ್ದೊಂದು ತರಬೇತಿಗೆ ಓಬವ್ವನ ಹೆಸರಿಟ್ಟಿದ್ದಾರೆ. ಮೂರು ತಿಂಗಳಲ್ಲಿ ಬ್ಲಾಕ್ ಇಪ್ಪತ್ತು, ಪಂಚ್ ಹತ್ತು ಅಂತ ತುಂಬಿಸುವುದು ಸುಲಭ. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದಂತೂ ಇನ್ನೂ ಸುಲಭ. ನಾನು ಕಲಿಸುವುದು ಬಹಳ ಕಡಿಮೆ. ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ತಿರುಚಿ ಎಳೆದುಕೊಳ್ಳಬೇಕು, ಯಾಕೆಂದರೆ ಹಿಡಿತ ಸಡಿಲ ಇರುವುದು ಅಲ್ಲೇ. ಜಡೆ ಹಿಡಿದರೆ ಅವನ ಕೈಯನ್ನು ನಮ್ಮ ತಲೆಗೇ ಒತ್ತಿ ಹಿಡಿದು ತಿರುಗಬೇಕು. ಜಗ್ಗಿದರೆ ನೋವು ನಮಗೆ. ಕುತ್ತಿಗೆಗೆ ಕೈ ಬಂದರೆ ಗದ್ದ ಕೆಳಗಿಟ್ಟು, ಒಂದು ಕೈಯಿಂದ ಅವನ ತೋಳನ್ನು ಇಳಿಸಿ, ಇನ್ನೊಂದನ್ನು ಏರಿಸಬೇಕು. ಕೂಗಬೇಕು, ಬಿಡಿಸಿಕೊಂಡ ಮೇಲೆ ಓಡಬೇಕು. ಚಾಕು ಕಂಡರೆ ಮೊಬೈಲ್ ಎಸೆದು ಓಡಬೇಕು. ಕೈ ಹಾಕುವವನು ಮನೆಯವನೇ ಆದರೆ ಯಾವ ಕಟಾವೂ ಸಾಲದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಇಲ್ಲ ನನಗೆ ಹೇಳಬೇಕು. ಇಷ್ಟು ಗಟ್ಟಿಯಾದ ಮೇಲೆ ಹೆಯಾನ್ ಶೋದಾನ್ ಕಲಿಸಿದರೆ ಹುಡುಗಿಯರೇ ನಡುವೆ ನಿಲ್ಲಿಸಿ, "ಮಿಸ್, ಇದು ಜಡೆ ಹಿಡಿದಾಗ ಮಾಡೋದಲ್ವಾ?" ಅಂತಾರೆ. ಕೆಲವೊಮ್ಮೆ ಅವರು ಹೇಳುವುದು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಆದರೂ ಕೆಲಸ ಮಾಡುತ್ತದೆ.

ಕಟಾ ಬರೀ ಕುಣಿತ, ಅದನ್ನು ಬಿಟ್ಟು ಕುಸ್ತಿ ಬಾಕ್ಸಿಂಗ್ ಕಲಿಯಿರಿ ಎನ್ನುವವರು ಒಂದು ಕಡೆ. ಕಟಾ ಪವಿತ್ರ, ಯಾಕೆ ಏನು ಅಂತ ಕೇಳಬಾರದು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಆ ಶಾಲಾ ಮೈದಾನದ ಮಕ್ಕಳೇ. ಎದುರಾಳಿಯಿಲ್ಲದ ಕಟಾವನ್ನೇ ಪೂರ್ತಿ ಕಟಾ ಅಂದುಕೊಂಡವರು. ಇತೊಸುವನ್ನು ನಾನು ದೂರುವುದಿಲ್ಲ. ಅವನು ಶಾಲೆಗೆ ಒಯ್ಯದಿದ್ದರೆ ಆ ವಿದ್ಯೆ ಶುರಿಯ ಹಿತ್ತಲುಗಳಲ್ಲೇ ಮುಗಿದುಹೋಗುತ್ತಿತ್ತೇನೋ. ಹಂಚುವುದಕ್ಕಾಗಿ ಅವನು ಅರ್ಧವನ್ನು ಬಿಟ್ಟುಕೊಟ್ಟ, ಬಳಕೆ ತಿಳಿದು ಅಭ್ಯಾಸ ಮಾಡಿ ಎಂದು ಪತ್ರದಲ್ಲಿ ಬರೆದೂ ಇಟ್ಟ. ಬಿಟ್ಟ ಆ ಅರ್ಧವನ್ನು ಮತ್ತೆ ಸೇರಿಸುವುದು ಕಲಿಸುವವರ ಕೆಲಸ, ಅದಕ್ಕೆ ದುಡ್ಡೂ ಬೇಡ, ಮ್ಯಾಟೂ ಬೇಡ. ನಿಮ್ಮ ಮಗಳನ್ನು ಕರಾಟೆಗೆ ಸೇರಿಸುವ ಮೊದಲು ಒಂದು ಸಂಜೆ ಆ ಕ್ಲಾಸಿಗೆ ಹೋಗಿ ಕೂತು ನೋಡಿ. ಒಬ್ಬರು ಇನ್ನೊಬ್ಬರ ಕೈಯನ್ನು ನಿಜವಾಗಿ ಹಿಡಿಯುತ್ತಾರೋ ಇಲ್ಲವೋ, ಅಷ್ಟನ್ನು ಮಾತ್ರ ಗಮನಿಸಿ. ಹಿಡಿಯುತ್ತಾರಾದರೆ ಫೀಸು ಕಟ್ಟಿ.